ಮೆಟ್ಟಿಲ ಮೇಲಿನ ನಿಂಬೆಹಣ್ಣು

ಮಹಡಿಯಲ್ಲಿ ಸೀರೆ ನೋಡಿ ಇಳಿಯುತ್ತಿದ್ದ ಅಕ್ಕ, ಮೆಟ್ಟಿಲಿಗೆ ಹಾಸಿದ ಗ್ರಾನೈಟ್ ಕಲ್ಲು ಕಾಲಡಿ ವಾಲಿದ್ದೇ ತಡ, ಉರುಳಿಕೊಂಡು ಕೆಳಗೆ ಬಿದ್ದಳು. ಭದ್ರಾವತಿಯ ಆ ಬಟ್ಟೆ ಅಂಗಡಿಯಲ್ಲಿದ್ದವರೆಲ್ಲ ಅವಳ ಸುತ್ತ ನೆರೆದರು.

ಮಾಲೀಕರು ಓಡಿ ಬಂದು ಸೋಡಾ ತರಿಸಿದರು, ಆಟೊ ಕರೆಸಿದರು. "ಆ ಕಲ್ಲು ಅಲ್ಲಾಡ್ತಿದೆ, ಮೊದ್ಲು ಸರಿ ಮಾಡ್ಸಿ" ಎಂದೆ. ಅವರು ಕೈಮುಗಿದು, "ಅಂಗಡಿಗೆ ದೃಷ್ಟಿ ಆಗಿದೆ ಮೇಡಂ. ಈಗ್ಲೇ ನಿಂಬೆಹಣ್ಣು ಕೊಯ್ಯಿಸ್ತೀನಿ" ಎಂದರು. ನಾನು ರೇಗುವಷ್ಟರಲ್ಲಿ ಅಕ್ಕನೇ ನರಳುತ್ತಾ, "ಅವ್ರಿಗೆ ಯಾಕೆ ಅಂತೀಯ ಮಾರಾಯ್ತಿ, ನನ್ನ ಗ್ರಹಚಾರ ಇದು" ಎಂದು ನನ್ನ ಬಾಯಿ ಮುಚ್ಚಿಸಿದಳು.

ಸೊಂಟದ ಮೂಳೆ ಮುರಿದಿತ್ತು. ಶಿವಮೊಗ್ಗದಲ್ಲಿ ಆಪರೇಷನ್ ಆಗಿ ತಿಂಗಳುಗಳು ಕಳೆದರೂ ಅವಳಿಗೆ ವಾಕರ್ ಬಿಡಲಾಗಲಿಲ್ಲ. ಇದನ್ನಾದರೂ ಮಾಲೀಕರ ಮುಖಕ್ಕೆ ಹೇಳಿ ಬರೋಣವೆಂದು ಒಬ್ಬಳೇ ಆ ಅಂಗಡಿಗೆ ಹೋದೆ.

ಅದೇ ಮೆಟ್ಟಿಲ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣಿನ ಎರಡು ಹೋಳುಗಳಿದ್ದವು. ಅಕ್ಕನಿಗಾಗಿ ಕೊಯ್ದದ್ದಾದರೆ ಎಂದೋ ಒಣಗಬೇಕಿತ್ತು. ಇವುಗಳ ರಸ ಇನ್ನೂ ಆರಿರಲಿಲ್ಲ.

ಸೀರೆ ಮಡಚುತ್ತಿದ್ದ ಕೆಲಸದ ಹುಡುಗಿಯನ್ನು ಕೇಳಿದೆ. ಅವಳು ಗಲ್ಲಾದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಬೆಳಿಗ್ಗೆ ಅಕ್ಕಾ. ಹೊಳೆಹೊನ್ನೂರಿನವ್ರು ಧಾರೆ ಸೀರೆ ತಗೊಳ್ಳಕ್ಕೆ ಬಂದಿದ್ರು. ಮದುವೆ ಹುಡುಗೀನೇ ಬಿದ್ಲು."

ಕಾಲಿಟ್ಟು ನೋಡಿದೆ. ಕಲ್ಲು ಇನ್ನೂ ಅಲ್ಲಾಡುತ್ತಿತ್ತು.

ಅದಕ್ಕೆ ಒಂದು ಬಾಂಡ್ಲಿ ಸಿಮೆಂಟು ಸಾಕಿತ್ತು. ಈಗ ಯಾವ ಅಂಗಡಿಯ ಬಾಗಿಲಲ್ಲಿ ಕೊಯ್ದ ನಿಂಬೆಹಣ್ಣು ಕಂಡರೂ, ಇಲ್ಲಿ ಯಾರು ಬಿದ್ದರೋ ಎಂದು ಮೊದಲು ನೆಲ ನೋಡುತ್ತೇನೆ.