ಫುಂಶಾಲಿನಲ್ಲಿ ಇವತ್ತು ಬಿರುಗಾಳಿ

ನಮ್ಮ ಪಕ್ಕದ ಮನೆಯ ಸರಳಾ ಆಂಟಿ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವ ಮೊದಲೇ ಪೆನ್ನು ಹಿಡಿಯುತ್ತಿದ್ದರು. ಅಡುಗೆಮನೆಯ ಗೋಡೆಗೆ ಮೈಸೂರಿನಿಂದ ತರಿಸಿದ ಕ್ಯಾಲೆಂಡರ್. ಏಕಾದಶಿ, ಸಂಕಷ್ಟಿಯ ಪಕ್ಕದ ಖಾಲಿ ಜಾಗದಲ್ಲಿ ಅವರು ಬರೆಯುತ್ತಿದ್ದುದು ಫುಂಶಾಲ್ ಎಂಬ ಊರಿನ ಹವೆ. ನಾವಿರುವುದು ಅಟ್ಲಾಂಟಾ ಬಳಿಯ ಜಾನ್ಸ್ ಕ್ರೀಕ್‌ನಲ್ಲಿ. ಆ ಊರಿರುವುದು ಸಮುದ್ರದಾಚೆ, ಪೋರ್ಚುಗಲ್‌ಗೆ ಸೇರಿದ ದ್ವೀಪವೊಂದರಲ್ಲಿ. ಮೊದಲ ಸಲ ನೋಡಿದಾಗ ನನಗೆ ತಲೆಬುಡ ತಿಳಿಯಲಿಲ್ಲ.

ಕಾರಣ ಅವರ ಯಜಮಾನರಾದ ರಾಮಚಂದ್ರ ಅಂಕಲ್. ಕೋವಿಡ್ ಬಂದುಹೋದ ಮೇಲೆ ಅವರಿಗೆ ಉಸಿರಾಟದ ತೊಂದರೆ. ವಸಂತದಲ್ಲಿ ಇಲ್ಲಿನ ಮರಗಳ ಪರಾಗ ಹಳದಿ ಹಿಟ್ಟಿನಂತೆ ಕಾರುಗಳ ಮೇಲೆ ಕೂರುವ ಹೊತ್ತಿಗೆ ಮೆಟ್ಟಿಲು ಹತ್ತುವುದೂ ಕಷ್ಟ. ಫುಂಶಾಲ್‌ನಲ್ಲಿದ್ದ ಮಗಳದು ಒಂದೇ ವರಾತ: ಇಲ್ಲಿ ವರ್ಷವಿಡೀ ಹಿತವಾದ ಹವೆ, ಡಿಸೆಂಬರಿನಲ್ಲಿ ದಪ್ಪ ಕೋಟು ಬೇಡ, ಆಗಸ್ಟಿನಲ್ಲಿ ಏಸಿ ಬೇಡ, ಇಬ್ಬರೂ ಬಂದುಬಿಡಿ. ಆಂಟಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ಇಂಟರ್ನೆಟ್ಟಲ್ಲಿ ಸಾವಿರ ಬರೀತಾರೆ ಕಣೇ. ಒಂದು ವರ್ಷ ನಾನೇ ಟ್ರ್ಯಾಕ್ ಮಾಡ್ತೀನಿ, ಆಮೇಲೆ ಡಿಸೈಡ್ ಮಾಡೋಣ” ಎಂದರು.

ಆಂಟಿ ಮಾತಿನ ಮಲ್ಲಿ. ಶನಿವಾರ ನಮ್ಮ ಬಡಾವಣೆಯ ಮಕ್ಕಳಿಗೆಲ್ಲ ಕನ್ನಡ ಕಲಿಸುವವರು, ಯಾರ ಮನೆಯಲ್ಲಿ ಬಾಣಂತನವಾದರೂ ಬಾಣಂತಿ ಖಾರ ಹಿಡಿದು ಹಾಜರಾಗುವವರು. ಅವರ ಮಾತನ್ನು ಅನುಮಾನಿಸುವುದು ನನಗೆ ಹೊಳೆದಿರಲೇ ಇಲ್ಲ.

ಒಂದು ಬೆಳಿಗ್ಗೆ ನಾನು ಅಲ್ಲಿದ್ದಾಗಲೇ ಮಗಳ ವಿಡಿಯೊ ಕಾಲ್ ಬಂತು. ಅವಳು ತೋಳಿಲ್ಲದ ಅಂಗಿ ತೊಟ್ಟು ಬಾಲ್ಕನಿಯ ಬಿಸಿಲಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಫೋನಿಟ್ಟ ಆಂಟಿ ಕ್ಯಾಲೆಂಡರಿನಲ್ಲಿ ಬರೆದರು: ‘ಬಿರುಗಾಳಿ, ಥಂಡಿ.’ ನಾನು ಕಣ್ಣುಜ್ಜಿಕೊಂಡೆ. ಹಿಂದಿನ ತಿಂಗಳುಗಳನ್ನು ಮಗುಚಿದರೆ ಧೂಳು, ಮಂಜು, ಕೆಟ್ಟ ಗಾಳಿ.

ಅಂಕಲ್ ಬಂದು ಕನ್ನಡಕ ಏರಿಸಿ ಓದಿದರು. “ಅಲ್ಲೂ ಇದೇ ಹಣೆಬರಹ. ಇಲ್ಲೇ ಇರೋಣ ಬಿಡೇ” ಎಂದು ಇನ್‌ಹೇಲರ್ ಬಾಯಿಗಿಟ್ಟು ಉಸಿರೆಳೆದುಕೊಂಡು ಒಳಗೆ ಹೋದರು.

ಆಂಟಿ ನನ್ನ ಕೈ ಹಿಡಿದುಕೊಂಡರು. “ಹೇಳ್ಬೇಡ ಕಣೇ. ಇಪ್ಪತ್ತೆಂಟು ವರ್ಷ ಆಯ್ತು ಇಲ್ಲಿ. ಅಲ್ಲಿ ಅವಳು ಕೆಲಸಕ್ಕೆ ಹೋದ್ರೆ ನಾನೇನು ಗೋಡೆ ಜೊತೆ ಮಾತಾಡ್ಲಾ?”

ಹೇಳಿದರೆ ಆಂಟಿಗೆ ದ್ರೋಹ, ಸುಮ್ಮನಿದ್ದರೆ ಅಂಕಲ್‌ಗೆ. ಏನೂ ತೋಚದೆ ಅವರ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಹೇಡಿತನವೇ ಅದು.

ಮಾರ್ಚಿನಲ್ಲಿ ಅಂಕಲ್‌ರನ್ನು ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಒಯ್ಯಬೇಕಾಯಿತು. ನಾಲ್ಕು ದಿನದ ನಂತರ ನಾನೇ ಡ್ರೈವ್ ಮಾಡಿ ಮನೆಗೆ ಕರೆತಂದೆ. ಅವರು ಸೋಫಾದಲ್ಲಿ ಕೂತದ್ದೇ ತಡ, ಆಂಟಿ ಕ್ಯಾಲೆಂಡರನ್ನು ಗೋಡೆಯಿಂದ ಕಿತ್ತು ಅವರ ತೊಡೆಯ ಮೇಲಿಟ್ಟರು.

“ಇದೆಲ್ಲ ಸುಳ್ಳು ರೀ. ನಾನೇ ಬರ್ದಿದ್ದು. ಅಲ್ಲಿ ಹವಾ ಚೆನ್ನಾಗೇ ಇದೆ. ಹೋಗೋಣ.”

“ಗೊತ್ತಿತ್ತು ಕಣೇ” ಎಂದರು ಅಂಕಲ್. “ನನ್ನ ಫೋನಲ್ಲೂ ವೆದರ್ ಬರತ್ತೆ.”

“ಗೊತ್ತಿದ್ದೂ ಸುಮ್ನಿದ್ರಾ?”

“ನಿಂಗೆ ಇಷ್ಟ ಇಲ್ವಲ್ಲ.”

ಆಂಟಿ ಅಲ್ಲೇ ನೆಲದ ಮೇಲೆ ಕೂತು ಅತ್ತರು. ನನಗೂ ತಡೆಯಲಾಗಲಿಲ್ಲ. ಇಬ್ಬರಲ್ಲಿ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಒಳಗೆ ಹೋಗಿ ಅನ್ನಕ್ಕಿಟ್ಟೆ.

ಮೇ ತಿಂಗಳಲ್ಲಿ ಅವರು ಹೊರಟುಹೋದರು. ಆ ಮನೆಯಲ್ಲೀಗ ಬೇರೆ ಯಾರೋ ಇದ್ದಾರೆ. ಮೊನ್ನೆ ಫೋನ್ ಮಾಡಿದಾಗ ಅಂಕಲ್ ಇರಲಿಲ್ಲ. ಗುಡ್ಡದ ದಾರಿಯಲ್ಲಿ ಒಬ್ಬರೇ ವಾಕಿಂಗ್ ಹೋಗಿದ್ದರಂತೆ. ಕೇಳಿ ಖುಷಿಯಾಯಿತು.

“ನೀವು ಹೇಗಿದ್ದೀರಾ ಆಂಟಿ?” ಎಂದೆ.

“ನಾನಾ? ಚೆನ್ನಾಗಿದ್ದೀನಿ ಕಣೇ” ಎಂದರು.

ನಿಜ ಹೇಳಿದರೋ ಸುಳ್ಳು ಹೇಳಿದರೋ, ನನಗೆ ಗೊತ್ತಾಗಲಿಲ್ಲ.