ಬಾಗಿಲ ಹಿಂದಿನ ಅಂಗೈಯಗಲ ಬಣ್ಣ

ಗುಂಡ್ಲುಪೇಟೆಯ ಬೆಲ್ಲದ ಮಂಡಿ ಶಿವಮಲ್ಲಪ್ಪನವರ ನಡುಮನೆಗೆ ಬಣ್ಣ ಆರಿಸಿದವನು ನಾನಲ್ಲ. ಆ ಮನೆಯೊಂದೇ ಅಲ್ಲ — ಐವತ್ತರ ದಶಕದಲ್ಲಿ ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಜನ ನಿಂತು ನೋಡಿ ಹೊಗಳಿದ ಯಾವ ಮನೆಯ ಬಣ್ಣವನ್ನೂ ನಾನು ಆರಿಸಲಿಲ್ಲ. ಆರಿಸಿದವಳು ನನ್ನ ಅಕ್ಕ ಪುಟ್ಟಮ್ಮಣ್ಣಿ. ಇಷ್ಟು ಬರೆಯುವುದಕ್ಕೆ ನನಗೆ ಮೂವತ್ತು ವರ್ಷ ಹಿಡಿಯಿತು.

ಹಾಗಂತ ನಾನು ಏನೂ ಅಲ್ಲದವನು ಎಂದು ತಿಳಿಯಬೇಡಿ. ನೋಡಿ, ತಪ್ಪು ಒಪ್ಪಿಕೊಳ್ಳಲು ಕುಳಿತಾಗಲೂ ಈ ಜಂಬ ನನ್ನ ಪಕ್ಕದಲ್ಲೇ ಬಂದು ಕೂರುತ್ತದೆ. ಇರಲಿ, ಅದನ್ನೂ ಮುಚ್ಚಿಡುವುದಿಲ್ಲ. ಮೈಸೂರಿನಲ್ಲಿ ಬಂಗಲೆಗಳಿಗೆ ಬಣ್ಣ ಹೊಡೆಸುವ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಆರು ವರ್ಷ ದುಡಿದು, ಅವನ ಬೈಗುಳ ಸಾಕಾಗಿ ಊರಿಗೆ ಮರಳಿದವನು ನಾನು. ಚಾಮರಾಜನಗರದ ಪೇಟೆಯಲ್ಲಿ ಒಂದು ಮಳಿಗೆ ಹಿಡಿದು, ನನ್ನ ಕೈಯಾರೆ ಬೋರ್ಡು ಬರೆದು ತೂಗುಹಾಕಿದೆ — 'ಮಾದಪ್ಪ, ಮನೆಯೊಳಗಿನ ಸಿಂಗಾರ'. ಗಾರೆಯವನನ್ನು, ಬಡಗಿಯನ್ನು, ಸುಣ್ಣ ಹೊಡೆಯುವವನನ್ನು ಜನ ಕಂಡಿದ್ದರು. ಒಳಗೆ ಯಾವ ಗೋಡೆ ಯಾವ ಬಣ್ಣದಲ್ಲಿರಬೇಕು, ಕನ್ನಡಿ ಎಲ್ಲಿ ನಿಲ್ಲಬೇಕು, ಹಿರಿಯರ ಫೋಟೋಗಳು ಎಷ್ಟು ಎತ್ತರದಲ್ಲಿ ಸಾಲಾಗಬೇಕು, ಕಿಟಕಿಗೆ ಎಂಥ ಪರದೆ ಬರಬೇಕು ಎಂದು ಹೇಳುವುದಕ್ಕೇ ಒಬ್ಬ ಮನುಷ್ಯ ಇರುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ.

"ಮದ್ವೆ ಎಣ್ಣಿಗೆ ಸಿಂಗಾರ ಮಾಡದ ಕಂಡಿವ್ನಿ ಕಣ್ಲಾ, ಗ್ವಾಡೆಗೂ ಮಾಡ್ತಾರಾ?" ಎಂದು ಉಮ್ಮತ್ತೂರಿನ ಒಬ್ಬ ಗೌಡರು ಅಂಗಡಿ ಮುಂದೆಯೇ ನಿಂತು ನಕ್ಕಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಗೌಡರು ಅದೇ ಜಾಗದಲ್ಲಿ ನಿಂತು, ಮಗನ ಮದುವೆಗೆ ಮುಂಚೆ ತಮ್ಮ ಮನೆಗೊಂದು ಸಲ ಬಂದುಹೋಗಬೇಕೆಂದು ಕೇಳಿಕೊಂಡರು. ಇನ್ನೊಬ್ಬರ ಕೈಕೆಳಗೆ ನಿಲ್ಲದೆ, ಯಾರ ಶಿಫಾರಸೂ ಇಲ್ಲದೆ ಬೆಳೆದ ಅಂಗಡಿ ಅದು. ಸಂತೆಮರಹಳ್ಳಿ ಬಸ್ಸು ಹತ್ತಿದರೆ ಕಂಡಕ್ಟರು "ಸಿಂಗಾರದ ಮಾದಪ್ನೋರು ಬಂದ್ರು, ಜಾಗ ಬುಡ್ರಪ್ಪ" ಅನ್ನುತ್ತಿದ್ದ. ನನಗೆ ಮೈ ಉಬ್ಬುತ್ತಿತ್ತು. ಈಗಲೂ — ನೆನೆದರೆ ಉಬ್ಬುತ್ತದೆ.

ಆ ಎರಡು ವರ್ಷಗಳ ನಡುವೆ ಆದದ್ದು ಇಷ್ಟೇ: ಅಕ್ಕ ಬಂದಳು.

ಅವಳನ್ನು ಭೀಮನಬೀಡಿಗೆ ಕೊಟ್ಟಿದ್ದೆವು. ಗಂಡ ಮೆಣಸಿನ ವ್ಯಾಪಾರವೆಂದು ವೈನಾಡಿನ ಕಡೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅಕ್ಕ ಒಂದು ಟ್ರಂಕು ಹಿಡಿದು ನನ್ನ ಮನೆ ಬಾಗಿಲಿಗೆ ಬಂದಳು. ಅಳಲಿಲ್ಲ. ಮಾರನೆಯ ದಿನ ನನ್ನ ಅಂಗಡಿಯೊಳಗೆ ಸುತ್ತ ಕಣ್ಣಾಡಿಸಿ, "ಇದೇನ್ಲಾ ಮಾದ, ಊರ್ಗೆಲ್ಲ ಸಿಂಗಾರ ಮಾಡೋನ್ ಅಂಗಡಿ ದನದ ಕೊಟ್ಗೆ ಇದ್ದಂಗದಲ್ಲ" ಎಂದಳು. ಸಂಜೆಯೊಳಗೆ ಡಬ್ಬಗಳನ್ನು ಸಾಲಾಗಿಟ್ಟು, ಒಂದು ಗೋಡೆಗೆ ಹಳದಿ ಮಣ್ಣು ಬಳಿದು, ಬೆಂಚನ್ನು ಕಿಟಕಿಯ ಕೆಳಗೆ ಎಳೆದಿದ್ದಳು. ದಾರಿಯಲ್ಲಿ ಹೋಗುವವರು ಒಳಗೆ ಇಣುಕತೊಡಗಿದರು. ನನಗೆ ಆವತ್ತೇ ಗೊತ್ತಾಯಿತು. ನಾನು ಬ್ರಷ್ ಹಿಡಿಯುವವನು, ಅವಳು ನೋಡುವವಳು.

ಅವಳ ಕೆಲಸದ ರೀತಿಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದನ್ನೂ ನನ್ನದೆಂದು ಹೇಳಿಕೊಂಡು ತಿರುಗಿದ್ದೇನೆ. ಹೊಸ ಮನೆಗೆ ಹೋದರೆ ಅವಳು ಮೊದಲ ದಿನ ಬಣ್ಣದ ಮಾತೇ ಎತ್ತುತ್ತಿರಲಿಲ್ಲ. ಹೆಂಗಸರ ಜೊತೆ ಕುಳಿತು ಅವರೆಕಾಯಿ ಬಿಡಿಸುತ್ತ, ಯಾರು ಎಲ್ಲಿ ಕೂರುತ್ತಾರೆ, ಮಗು ಎಲ್ಲಿ ಮಲಗುತ್ತದೆ, ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ ಎಂದು ನೋಡುತ್ತಿದ್ದಳು. ಆಮೇಲೆ ಬಾಗಿಲು ತೆರೆದಾಗ ಅದರ ಹಿಂದೆ ಮರೆಯಾಗುವ ಗೋಡೆಯ ಮೇಲೆ ಅಂಗೈಯಗಲ ಬಣ್ಣ ಬಳಿಯುತ್ತಿದ್ದಳು. ಬೆಳಿಗ್ಗೆ ಒಂದು ಸಲ, ನಡುಹಗಲು ಒಂದು ಸಲ, ದೀಪ ಹಚ್ಚಿದ ಮೇಲೆ ಒಂದು ಸಲ ನೋಡಬೇಕು. ಮೂರು ಹೊತ್ತಿಗೂ ಒಪ್ಪಿದರೆ ಸರಿ, ಇಲ್ಲದಿದ್ದರೆ ಪಕ್ಕದಲ್ಲಿ ಇನ್ನೊಂದು. "ಸೀರೆನ ಅಂಗ್ಡೀಲ್ ನೋಡ್ದಂಗಲ್ಲ ಕಣ, ಇದು ಅವ್ರ್ ಕೂಡ ಬಾಳ್ಬೇಕು" ಅನ್ನುತ್ತಿದ್ದಳು. ಕೆಲಸ ಮುಗಿದ ಮೇಲೂ ಆ ಗುರುತುಗಳನ್ನು ಅಳಿಸುತ್ತಿರಲಿಲ್ಲ. ಬಾಗಿಲ ಹಿಂದೆ ಯಾರು ನೋಡುತ್ತಾರೆ ಎಂದು ನಾನೂ ಸುಮ್ಮನಿದ್ದೆ.

ಶಿವಮಲ್ಲಪ್ಪನವರು ತಮ್ಮ ಹಳೆಯ ಮನೆಯನ್ನೇ ಎತ್ತರಿಸಿ ಹೊಸದು ಮಾಡಿದ್ದರು. ಅವರ ತಾಯಿಗೆ ಎರಡು ಕಣ್ಣಿಗೂ ಪೊರೆ. ಗಾರೆ ಕೆಲಸ ನಡೆಯುವಾಗಲೂ ಆಕೆ ಮನೆ ಬಿಟ್ಟು ಕದಲಲಿಲ್ಲ. ಒಂದು ಮೂಲೆ ಕೋಣೆಯಲ್ಲೇ ಇದ್ದರು. ಗೋಡೆಯೂ ಸುಣ್ಣದ ಬಿಳುಪು, ಬಾಗಿಲುವಾಡವೂ ಬಿಳುಪು. ಅಜ್ಜಮ್ಮ ನಡುಮನೆಗೆ ಬರುವಾಗಲೆಲ್ಲ ತಡವರಿಸಿ ಭುಜವನ್ನು ಮರಕ್ಕೆ ಬಡಿಸಿಕೊಳ್ಳುತ್ತಿದ್ದರು. ನಾನು ಅದನ್ನು ಹತ್ತು ಸಲ ಕಂಡಿದ್ದೆ, 'ಪಾಪ' ಅಂದುಕೊಂಡಿದ್ದೆ. ಅಕ್ಕ ಒಂದು ಸಲ ಕಂಡಳು. "ಬಾಕ್ಲು ಎಲ್ಲೈತೆ ಅಂತ ಅಜ್ಜಮ್ಮನ್ಗೆ ಗ್ವಾಡೆನೇ ಹೇಳ್ಬೇಕು ಕಣ ಮಾದ" ಎಂದಳು. ಗೋಡೆಗೆ ಕಡುನೀಲಿ, ಬಾಗಿಲುವಾಡಕ್ಕೆ ಅರಿಶಿನದ ಹಳದಿ. ಬಾಗಿಲ ಹಿಂದೆ ಏಳು ಗುರುತು ಬಳಿದ ಮೇಲೆ ಆ ನೀಲಿ, ಆ ಹಳದಿ ಸಿಕ್ಕವು. ನಡುಮನೆಗೆ ಯಾರಾದರೂ ಕಡುನೀಲಿ ಹೊಡೆಸುತ್ತಾರೆಯೇ ಎಂದು ಶಿವಮಲ್ಲಪ್ಪನವರು ಹೌಹಾರಿದರು. ಒಪ್ಪಿಸಿದವನು ನಾನು. ಮಾತಿನಲ್ಲಿ ನನ್ನನ್ನು ಗೆಲ್ಲುವವರು ಆಗ ಯಾರೂ ಇರಲಿಲ್ಲ.

ಗೃಹಪ್ರವೇಶದ ದಿನ ಕೆಲಸದವರಿಗೆ ಮರ್ಯಾದೆ ಮಾಡುವುದು ನಮ್ಮ ಕಡೆಯ ರೂಢಿ. ಗಾರೆಯವನನ್ನು, ಬಡಗಿಯನ್ನು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಮಣೆಯ ಮೇಲೆ ಕೂರಿಸಿ ಹೊಸಬಟ್ಟೆ, ತಾಂಬೂಲ ಕೊಡುತ್ತಾರೆ. ನಂಟರಿಷ್ಟರೆಲ್ಲ ನಡುಮನೆಯಲ್ಲಿ ತುಂಬಿದ್ದರು. ಆಗ ಅಜ್ಜಮ್ಮ ತಮ್ಮ ಕೋಣೆಯಿಂದ ಹೊರಟರು. ಕೋಲಿಲ್ಲ, ಯಾರ ಕೈಯಾಸರೆಯೂ ಇಲ್ಲ. ನೆಟ್ಟಗೆ ಆ ಹಳದಿ ಬಾಗಿಲಿನ ನಡುವೆ ಕಾಲಿಟ್ಟು ದಾಟಿ ಬಂದರು.

"ಯಾವನ್ಲಾ ಈ ಬಾಕ್ಲಿಗೆ ಅರಿಶ್ಣದ್ ಬಣ್ಣ ಬಳ್ದೋನು? ಕರೀರ್ಲಾ ಇಲ್ಲಿ."

ನಾನು ಎದ್ದು ಹೋದೆ. ಯಾರೂ ತಳ್ಳಲಿಲ್ಲ, ನಾನೇ ಹೋದೆ. ಅಜ್ಜಮ್ಮ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. "ಈ ಕೈ ಕಣ್ಲಾ ಮಗ, ಇದೇ ನಂಗೆ ಕಣ್ಣು. ತಣ್ಣಗಿರ್ಲಿ ಈ ಕೈ" ಎಂದರು. ಅವರ ಕಣ್ಣೀರು ನನ್ನ ಅಂಗೈಗೆ ತಾಕಿತು. ಹಿತ್ತಿಲ ಬಾಗಿಲು ತೆರೆದಿತ್ತು. ಬಾವಿಕಟ್ಟೆಯ ಹತ್ತಿರ ಅಕ್ಕ ಬಣ್ಣದ ಡಬ್ಬಗಳನ್ನು ತೊಳೆಯುತ್ತಿದ್ದಳು. ಗದ್ದಲ ಕೇಳಿ ತಲೆಯೆತ್ತಿ ನಮ್ಮನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ — ಅದನ್ನು ಹೇಗೆ ಹೇಳಲಿ — ಅಜ್ಜಮ್ಮ ಬಾಗಿಲು ದಾಟಿದ್ದನ್ನು ಕಂಡ ಸಂತೋಷ ಇನ್ನೂ ಇತ್ತು.

ಶಿವಮಲ್ಲಪ್ಪನವರು ದೊಡ್ಡ ಮನಸ್ಸಿನವರು. ಅತ್ತ ನೋಡಿ ಕೇಳಿದರು: "ಆಯಮ್ಮ ಯಾರು ಮಾದಪ್ಪ? ದಿನಾ ನಿಮ್ಜೊತೆ ಬರ್ತಿದ್ರಲ್ಲ. ಅವ್ರಿಗೂ ಒಂದು ಸೀರೆ ತಂದಿವ್ನಿ. ಏನಂತ ಕರೀಲಿ?"

ಅಕ್ಕ ಎನ್ನಬಹುದಿತ್ತು. ಎರಡೇ ಅಕ್ಷರ. ಆದರೆ ಅಕ್ಕ ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು — ಅವಳೇನು ಮಾಡುತ್ತಾಳೆ? ಅಜ್ಜಮ್ಮನ ಕೈ ಇನ್ನೂ ನನ್ನ ಕೈಮೇಲಿತ್ತು, ಊರಿನ ಕಣ್ಣೆಲ್ಲ ನನ್ನ ಮೇಲಿತ್ತು...

"ಅಯ್ಯೋ, ಡಬ್ಬ ತೊಳಿಯೋ ಎಂಗ್ಸು ಯಜಮಾನ್ರೆ, ಕೂಲಿಗೆ ಬಂದವ್ಳೆ. ಬುಡಿ" ಎಂದೆ.

ಅವಳು ಹೆಣ್ಣು, ಗಂಡ ಬಿಟ್ಟವಳು, ಜನ ಏನನ್ನುತ್ತಾರೋ ಎಂದು ಹೆದರಿ ಹಾಗೆಂದೆ ಎಂದು ನಾನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಮನೆಯವರು ಏನೂ ಅನ್ನುತ್ತಿರಲಿಲ್ಲ. ಆ ಹೊಗಳಿಕೆಯಲ್ಲಿ ಒಂದು ಚೂರನ್ನೂ ಹಂಚಿಕೊಳ್ಳಲು ನನಗೆ ಮನಸ್ಸಿರಲಿಲ್ಲ, ಅಷ್ಟೇ.

ಚಾಮರಾಜನಗರದ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕುಳಿತಿದ್ದಳು. ಡಬ್ಬದ ಚೀಲ ಅವಳ ಕಾಲ ಬಳಿ ಇತ್ತು. ಅರ್ಧ ದಾರಿ ದಾಟಿದ ಮೇಲೆ ಚೀಲವನ್ನು ನನ್ನ ಕಡೆಗೆ ಸರಿಸಿ, "ಡಬ್ಬ ಚೆನ್ನಾಗ್ ತೊಳ್ದಿವ್ನಿ ಕಣಪ್ಪ, ಒಂದ್ಸಲ ನೋಡ್ಕೊ" ಎಂದಳು.

ಮಾರನೆಯ ದಿನದಿಂದ ಅವಳು ಡಬ್ಬ ಮಾತ್ರ ತೊಳೆದಳು. ಕೋಪವಿಲ್ಲ, ಮುನಿಸಿಲ್ಲ; ಊಟ ಬಡಿಸುತ್ತಿದ್ದಳು, ನಗಿಸುತ್ತಿದ್ದಳು. ಬಣ್ಣದ ಮಾತೆತ್ತಿದರೆ ಮಾತ್ರ, "ಡಬ್ಬ ತೊಳಿಯೋಳ್ಗೆ ಅದೆಲ್ಲ ಏನ್ ಗೊತ್ತಪ್ಪ" ಎಂದು ಎದ್ದು ಹೋಗುತ್ತಿದ್ದಳು. ನಾಲ್ಕು ದಿನದಲ್ಲಿ ಸರಿಹೋಗುತ್ತಾಳೆ ಎಂದುಕೊಂಡೆ. ಸರಿಹೋಗಬೇಕಾದವನು ನಾನೆಂಬುದು ಹೊಳೆಯಲಿಲ್ಲ — ಹೊಳೆಯಿತು, ನಾಲಿಗೆ ಏಳಲಿಲ್ಲ.

ಆಮೇಲೆ ನಾನು ಮಾಡಿದ್ದು ಆ ಮಾತಿಗಿಂತ ನಾಚಿಕೆಗೇಡಿನದು. ಹಳೆಯ ಗಿರಾಕಿಗಳ ಮನೆಗೆ ಹೋಗುತ್ತಿದ್ದೆ. "ಬಣ್ಣ ಹೇಗೆ ನಿಂತಿದೆ ಅಂತ ನೋಡ್ಕೊಂಡು ಹೋಗಾನ ಅಂತ ಬಂದೆ" ಅನ್ನುತ್ತಿದ್ದೆ. ಎಂಥ ಕಾಳಜಿಯ ಮನುಷ್ಯ ಎಂದು ಅವರು ಕಾಫಿ ಕಾಯಿಸಲು ಒಳಗೆ ಹೋಗುತ್ತಿದ್ದರು. ನಾನು ಬಾಗಿಲು ಸರಿಸಿ, ಅಕ್ಕನ ಗುರುತುಗಳ ಪಕ್ಕ ಬಣ್ಣ ಬಳಿದು ತಂದ ಕಾಗದದ ಚೂರು ಹಿಡಿದು ಹೋಲಿಸಿಕೊಳ್ಳುತ್ತಿದ್ದೆ. ಹೀಗೆ ಕದ್ದ ಹನ್ನೊಂದು ಬಣ್ಣಗಳ ಮೇಲೆಯೇ ನನ್ನ ಮಿಕ್ಕ ಜೀವಮಾನದ ಕೀರ್ತಿಯೆಲ್ಲ ನಿಂತಿತು. ಒಂದು ಮನೆಯ ಬಿಸಿಲಿಗೆ ಅವಳು ಕಲೆಸಿದ್ದನ್ನು ಇನ್ನೊಂದು ಮನೆಯ ನೆರಳಿಗೆ ಬಳಿದೆ. ಸಂತೆಮರಹಳ್ಳಿಯ ಒಂದು ಮನೆಯಲ್ಲಿ ಆ ಕಡುನೀಲಿ ಹೊಡೆದು, ಪಾಪ, ಅವರು ಹಗಲಲ್ಲೇ ದೀಪ ಹಚ್ಚುವ ಹಾಗಾಯಿತು. ಆದರೂ ಬಂದವರಿಗೆಲ್ಲ ಆ ಮನೆಯಾಕೆ "ಮಾದಪ್ಪನ ನೀಲಿ" ಎಂದು ಹೆಮ್ಮೆಯಿಂದ ತೋರಿಸುತ್ತಿದ್ದರು. ನಾನೂ ತಲೆದೂಗುತ್ತ ನಿಂತಿದ್ದೆ.

ಹೋದ ತಿಂಗಳು ಶಿವಮಲ್ಲಪ್ಪನವರ ಮಗ ಹೇಳಿಕಳುಹಿಸಿದರು. ಮನೆಗೆ ಹೊಸದಾಗಿ ಬಣ್ಣ ಹೊಡೆಸಬೇಕು, ಮೊದಲು ಮಾಡಿದವರೇ ಬಂದು ಹೇಳಲಿ ಎಂದು. ಹೋದೆ. ಅವರು ನಡುಮನೆಯ ಬಾಗಿಲು ಸರಿಸಿ, "ಇದೇನು ಹೇಳಿ ಮಾದಪ್ಪನೋರೆ? ನಮ್ಮಜ್ಜಿ ಇರೋಗಂಟ ಇದ್ರ್ ಮ್ಯಾಲೆ ಸುಣ್ಣ ಬಳಿಯಾಕೇ ಬುಡ್ಲಿಲ್ಲ. ಪೊರೆ ಬಂದ್ಮ್ಯಾಲೆ ಮೊದ್ಲು ಕಣ್ಣಿಗ್ ಬಿದ್ದ ಬಣ್ಣ ಇದೇ ಅಂತ ಕೈಲಿ ಮುಟ್ಟಿ ಮುಟ್ಟಿ ನೋಡೋರು" ಎಂದರು. ಏಳು ಗುರುತು. ಕೊನೆಯ ಎರಡು, ಆ ನೀಲಿ, ಆ ಹಳದಿ, ಮುಟ್ಟಿ ಮುಟ್ಟಿ ನುಣುಪಾಗಿದ್ದವು.

"ಅದು ನಮ್ಮಕ್ಕನ ಕೈ" ಎಂದೆ. "ಈ ಮನೆ ಬಣ್ಣವೆಲ್ಲ ಅವಳದ್ದೇ. ಆವತ್ತು ನಿಮ್ಮಪ್ಪನೋರಿಗೆ ಸುಳ್ಳು ಹೇಳಿದೆ."

ಅವರು ದೊಡ್ಡ ಮನುಷ್ಯನಿಗೆ ವಯಸ್ಸಾಗಿ ಅರಳುಮರಳು ಹಿಡಿಯಿತೆಂಬಂತೆ ನನ್ನನ್ನು ನೋಡಿದರು. ನಾನು ಎಲ್ಲವನ್ನೂ ಹೇಳಿದೆ, ಅವರು ನಂಬುವವರೆಗೂ ಹೇಳಿದೆ.

ಮನೆಗೆ ಬಂದು ಅಕ್ಕನ ಮುಂದೆ ಕುಳಿತೆ. ಅವಳಿಗೆ ಎಂಬತ್ತರ ಹತ್ತಿರ. ಈಗ ಅವಳ ಕಣ್ಣಿಗೂ ಪೊರೆ. "ಗುಂಡ್ಲುಪೇಟೇಲಿ ನಿನ್ನ ಹೆಸರು ಹೇಳ್ಬುಟ್ಟು ಬಂದೆ ಕಣಕ್ಕ. ತಪ್ಪಾಯ್ತು" ಎಂದೆ. ಅವಳು ಕೈಚಾಚಿ ನನ್ನ ಕೈ ಹುಡುಕಿ ಹಿಡಿದಳು.

"ಆ ಅಜ್ಜಮ್ಮನ್ಗೆ ಹೇಳ್ಬೇಕಿತ್ತು ಕಣ್ಲಾ ಮಾದ" ಎಂದಳು. "ನನ್ ಕೈನೂ ಒಂದ್ಸಲ ಹಿಡ್ಕೋತಿದ್ರು."

ಅಜ್ಜಮ್ಮ ಹೋಗಿ ಇಪ್ಪತ್ತು ವರ್ಷವಾಯಿತು. ಆ ಕೈಗಳಿಂದ ನಾನು ತೆಗೆದುಕೊಂಡದ್ದನ್ನು ಈಗ ಯಾವ ಕೈಗೂ ದಾಟಿಸಲಾಗುವುದಿಲ್ಲ.

ನಾಳೆ ಬೋರ್ಡು ಬರೆಯುವವನು ಬರುತ್ತಾನೆ. ಅವಳ ಹೆಸರು ಮಾತ್ರ ಇರಲಿ ಎಂದಿದ್ದೇನೆ. ಗುಂಡ್ಲುಪೇಟೆಯ ಮನೆಗೂ ಅವಳೇ ಬರಬೇಕೆಂದು ಕೇಳಿದ್ದೇನೆ. ಬರುತ್ತೇನೆ ಎಂದಿಲ್ಲ, ಬರುವುದಿಲ್ಲ ಎಂದೂ ಅಂದಿಲ್ಲ. ನಮ್ಮ ಮನೆಯ ಬಾಗಿಲುವಾಡಗಳಿಗೆ ಅವಳ ಹಳದಿ ಬಳಿದಿದ್ದೇನೆ. ಡಬ್ಬಗಳನ್ನು ನಾನೇ ತೊಳೆದು ಬಿಸಿಲಿಗೆ ಇಟ್ಟಿದ್ದೇನೆ.