ನಕಲು ಗುಮಾಸ್ತನ ಬಡ್ತಿ

ಮದ್ದೂರಿನಲ್ಲಿ ನಾನು ನಕಲು ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂಬುದು ಬೇಡ, ಸರ್ಕಾರದ್ದು ಅಷ್ಟೆ. ಬೇರೆಯವರು ಬರೆದದ್ದನ್ನು ಒಂದಕ್ಷರ ತಪ್ಪದೆ, ಅಂದವಾಗಿ ಇನ್ನೊಂದು ಹಾಳೆಗೆ ಇಳಿಸುವುದು ನನ್ನ ಕೆಲಸ. ಅದು ನನಗೆ ಬರುತ್ತಿತ್ತು. ಅದೊಂದೇ ಬರುತ್ತಿತ್ತು ಎನ್ನುವುದು ಆಗ ಗೊತ್ತಿರಲಿಲ್ಲ.

ಯುದ್ಧದ ಕಾಲ. ಮಂಡ್ಯದಿಂದ ತಪಾಸಣೆಗೆ ಬಂದ ಸಾಹೇಬರು ನನ್ನದೊಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇಂಥವನನ್ನ ಇಲ್ಲಿ ಕೂರಿಸಿದ್ದೀರಲ್ರೀ!" ಎಂದರು. ಮೂರು ತಿಂಗಳಲ್ಲಿ ನಾನು ಮಳವಳ್ಳಿಯಲ್ಲಿ ಹೆಡ್ ಮುನ್ಷಿ. ಮನೆಯಲ್ಲಿ ಪಾಯಸವಾಯಿತು. ಅಕ್ಷರ ಚೆನ್ನಾಗಿದ್ದರೆ ತಲೆಯೂ ಚೆನ್ನಾಗಿರಬೇಕೆಂದು ಸಾಹೇಬರು ತಿಳಿದರು. ಅವರನ್ನೇಕೆ ಅನ್ನಲಿ, ನಾನೂ ಹಾಗೆಯೇ ತಿಳಿದಿದ್ದೆ.

ಹೊಸ ಮೇಜಿಗೆ ಬಂದ ಅರ್ಜಿಗಳಿಗೆ ನಕಲು ಬೇಕಿರಲಿಲ್ಲ, ನನ್ನ ಷರಾ ಬೇಕಿತ್ತು. ಆಗಬಹುದು, ಆಗದು, ತನಿಖೆಯಾಗಲಿ, ಹೀಗೆ ಒಂದೇ ಒಂದು ಸಾಲು. ಲೇಖನಿ ಅದ್ದಿ ಹಿಡಿಯುತ್ತಿದ್ದೆ, ಮಸಿ ಒಣಗುತ್ತಿತ್ತು. ತಪ್ಪಾದರೆ ಯಾರು ಹೊಣೆ? ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದುಕೊಂಡು ಕಡತ ಕಟ್ಟಿಡುತ್ತಿದ್ದೆ. ಕೈ ಸುಮ್ಮನಿರದೆ ಆ ಅರ್ಜಿಯನ್ನೇ ಹೊಸ ಹಾಳೆಯ ಮೇಲೆ ಚೆಂದವಾಗಿ ಬರೆಯುತ್ತಿದ್ದೆ. ದಿನ ಕಳೆಯುತ್ತಿತ್ತು. ಒಳಗೆಲ್ಲ ಜೋಮು ಹಿಡಿದ ಹಾಗೆ, ನೋವೂ ಇಲ್ಲ, ಭಯವೂ ಇಲ್ಲ.

ಹತ್ತಿರದ ಹಳ್ಳಿಯ ಹೆಂಗಸೊಬ್ಬಳು ಸಂತೆ ಸಂತೆಗೂ ಬರುತ್ತಿದ್ದಳು. ಗಂಡ ತೀರಿಹೋಗಿದ್ದ. ಹೊಲದ ಖಾತೆ ತನ್ನ ಹೆಸರಿಗಾಗಲಿ, ಇಲ್ಲದಿದ್ದರೆ ಮೈದುನ ಹೊಲಕ್ಕೆ ಇಳಿಯುತ್ತಾನೆ ಎಂದು ಅವಳ ಅರ್ಜಿ. "ತನಿಖೆಯಾಗಲಿ" ಎಂದು ಬರೆದಿದ್ದರೆ ಸಾಕಿತ್ತು, ಶಾನುಭೋಗರು ಹೋಗಿ ವಿಚಾರಿಸುತ್ತಿದ್ದರು. ಮುಂದಿನ ಸಂತೆಗೆ ಬಾರಮ್ಮ ಎನ್ನುತ್ತಲೇ ಇದ್ದೆ. ನಾಲ್ಕನೆಯ ಸಲ ಅವಳು ಕದಲಲಿಲ್ಲ.

"ಏನಾರ ಬರ್ಕೊಡಿ ಬುದ್ದಿ. ಒಂದ್ ಮಳೆ ಬಿದ್ರೆ ಅವ್ನು ಉತ್ಬುಡ್ತಾನೆ."

ಅವಳ ಅರ್ಜಿಯ ನಕಲು ಮೇಜಿನ ಮೇಲೆಯೇ ಇತ್ತು. ಕೆಳಗೆ ಕಚೇರಿಯ ಮೊಹರು ಒತ್ತಿ ಕೊಟ್ಟುಬಿಟ್ಟೆ. ಏಕೆಂದರೆ ಅವಳು ಎದ್ದುಹೋದರೆ ಸಾಕಾಗಿತ್ತು. ಓದು ಬಾರದ ಅವಳು ಅದೇ ಹುಕುಂ ಎಂದುಕೊಂಡು, ಕಣ್ಣಿಗೊತ್ತಿ, ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ನಾನು ಕೂಗಿ ಕರೆಯಲಿಲ್ಲ.

ಎರಡು ಸಂತೆ ಬಿಟ್ಟು ಬಂದಳು. ಉಳುತ್ತಿದ್ದ ಮೈದುನನಿಗೆ ಅಡ್ಡಲಾಗಿ ಆ ಹಾಳೆ ಹಿಡಿದು ನಿಂತಿದ್ದಳಂತೆ. ಅವನು ಪಟೇಲರ ಜಗಲಿಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿದನಂತೆ. ಊರೇ ನಕ್ಕಿತಂತೆ. ಅವನು ರಾಗಿಯನ್ನೂ ಬಿತ್ತಿಯಾಗಿತ್ತು. ಬೈಯುತ್ತಾಳೆಂದು ತಲೆ ತಗ್ಗಿಸಿ ಕೂತೆ. ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು.

"ನಾನೇಳಿದ್ದು ನಂಗೊತ್ತಿತ್ತು ಕಣ್ ಬುದ್ದಿ. ನೀವೇನೇಳ್ತೀರಿ ಅಂತ ಕೇಳಕೆ ಬಂದಿದ್ದೆ."

ಆಗಲೂ ಆ ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ನಾಚಿಕೆಯೂ ಆಗಲಿಲ್ಲ. ಆಗ ಆಗಲಿಲ್ಲವಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಅವಳು ಹೋದಮೇಲೆ ನೋಡಿದರೆ, ಸೆರಗಿನ ಬೆವರಿಗೆ ಅಕ್ಷರವೆಲ್ಲ ಕದಡಿತ್ತು. ಅದನ್ನು ಹೊಸ ಹಾಳೆಗೆ ಅಂದವಾಗಿ ಇಳಿಸಿ ಕಡತಕ್ಕೆ ಸೇರಿಸಿದೆ.

ಮರುವರ್ಷ ನನಗೆ ಮಂಡ್ಯಕ್ಕೆ ಬಡ್ತಿಯಾಯಿತು. ಕಡತಗಳನ್ನು ಬಹಳ ಚೊಕ್ಕಟವಾಗಿ ಇಟ್ಟಿದ್ದಾನೆ ಎಂದು ಸಾಹೇಬರು ಬರೆದಿದ್ದರು.